ಪೇಟಿ ಓಣಿಯ ಸದ್ದು ಕೇಳಬೇಡಿ

ಪೇಟಿ ಓಣಿ, ಧಾರವಾಡ
ಫೆಬ್ರವರಿ ೩೦, ೨೧೧೪

ಮುತ್ತಜ್ಜಿ ಮಂದಾಕಿನಿಯವರಿಗೆ,

ನಿಮಗಿನ್ನೂ ಮದುವೆಯೇ ಆಗಿರಲಿಕ್ಕಿಲ್ಲ, ಮುತ್ತಜ್ಜಿ ಎಂದರೆ ನಗು ಬಂದೀತು. ತಾರೀಖು ನೋಡಿಯೂ ನಗಬೇಡಿ. ಬಾಡಿಗೆಯ ಲೆಕ್ಕ ಸಲೀಸಾಗಲೆಂದು ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ ಮಾಡಿದ್ದಾರೆ. ಉಳಿದ ಐದು ದಿನಗಳಿಗೆ ಹೆಸರಿಲ್ಲ. ಆ ದಿನಗಳಲ್ಲಿ ಮಾಲೀಕರು ಬಂದು ನಮ್ಮ ಮನೆಗಳ ಗೋಡೆ ತಟ್ಟಿ ನೋಡುತ್ತಾರೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಿಮ್ಮ ಕಾಲದಲ್ಲಿ ಈಗ ಏನು ನಡೆಯುತ್ತಿದೆ ಎಂಬುದನ್ನು ನಾನು ಬಲ್ಲೆ. ದೊಡ್ಡ ವಾಡೆಯ ಮೇಲಿನ ಮಹಡಿಯನ್ನು ಪೂರ್ತಿಯಾಗಿ ಒಬ್ಬರಿಗೇ ಬಾಡಿಗೆಗೆ ಕೊಡಬೇಕೆಂದು ಕಂಪನಿಯೊಂದು ಬಂದಿದೆ. ನಾಟಕದವರು, ಹಾಡುವವರು, ಹಾರ್ಮೋನಿಯಂ ಪೇಟಿ ರಿಪೇರಿಯವರು, ಚಿತ್ರ ಬರೆಯುವವರು ಇರುವ ಹಳೆಯ ಓಣಿ ಎಂದು ಅವರ ಜಾಹೀರಾತು ಹೊಗಳಿದೆ. ಭಾನುವಾರ ತಾಲೀಮು ಮನೆಯಲ್ಲಿ ಸಭೆಯಿದೆ. ನಾಟಕ ಸಂಘದ ಕಾರ್ಯದರ್ಶಿಯಾದ ನೀವು ಅಲ್ಲಿ ಎದ್ದು ನಿಂತು ಒಂದೇ ಒಂದು ಷರತ್ತು ಮುಂದಿಡುವಿರಿ: ಯಾರೇ ಬರಲಿ, ಈ ಓಣಿಯ ಸದ್ದು ಎಂದೂ ನಿಲ್ಲಕೂಡದು. ಕಂಪನಿ ಮರುಮಾತಿಲ್ಲದೆ ಒಪ್ಪುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಕಲಾವಿದರಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡಲಾರರು. ಮನೆ ಹೋಗುವ ಹೊತ್ತಿನಲ್ಲಿ ನೀವು ಸದ್ದು ಕೇಳಿದಿರಿ!

ಅವರು ಮಾತಿಗೆ ತಪ್ಪಲಿಲ್ಲ. ಸದ್ದು ಉಳಿಯಿತು, ನಾವು ಹೋದೆವು. ಈಗ ಓಣಿಯ ತುಂಬ ಒಂಟಿಮಹಡಿಗಳು. ನಾಲ್ಕು ಸಂಸಾರಗಳ ನಡುವಿನ ಗೋಡೆ ಒಡೆದು ಒಬ್ಬನಿಗೇ ಕೊಟ್ಟ ಮಹಡಿಗೆ ನಾವಿಟ್ಟ ಹೆಸರು ಅದು. ಪೇಟಿ ರಿಪೇರಿಯ ಆರು ಮಂದಿ ಉಣ್ಣುತ್ತ ಮಲಗುತ್ತ ಬದುಕಿದ ಖೋಲಿಯಲ್ಲಿ ಈಗ ಬಾಡಿಗೆದಾರನ ಬೂಟುಗಳು ವಾಸವಾಗಿವೆ. ಮೆಟ್ಟಿಲ ಬದಿಯಲ್ಲಿ ಯಾವನೋ ನಟ ಉಗುಳಿದ್ದ ಎಲೆಯಡಿಕೆಯ ಕಲೆಗೆ ಗಾಜು ಹಾಕಿ ಕಾಪಾಡಿದ್ದಾರೆ, ಆ ನಟನ ಮೊಮ್ಮಕ್ಕಳನ್ನು ಕಾಪಾಡಲಿಲ್ಲ. ನಾವೆಲ್ಲ ಗುಡ್ಡದಾಚೆಯ ಡಬ್ಬಿಮನೆಗಳಲ್ಲಿದ್ದೇವೆ. ಒಂದರ ಮೇಲೊಂದು ಪೇರಿಸಿದ ತಗಡಿನ ಖೋಲಿಗಳು ಅವು. ಬೆಳಿಗ್ಗೆ ಕಂಪನಿಯ ಬಸ್ಸು ನಮ್ಮನ್ನು ತಂದು ಓಣಿಯ ಅಗಸಿ ಬಾಗಿಲ ಬಳಿ ಇಳಿಸುತ್ತದೆ, ಸಂಜೆ ತುಂಬಿಕೊಂಡು ಹೋಗುತ್ತದೆ. ನಮ್ಮ ಕೆಲಸಕ್ಕೆ ನೆರೆಗೂಲಿ ಎನ್ನುತ್ತಾರೆ. ಕೂಲಿಗೆ ನೆರೆಹೊರೆಯವರಾಗಿರುವುದು! ಒಬ್ಬರು ಕಟ್ಟೆಯ ಮೇಲೆ ಕುಳಿತು ರಾಗದ ಬಗ್ಗೆ ಜಗಳಾಡಬೇಕು, ಇಬ್ಬರು ಕಿಟಕಿಯಿಂದ ಕಿಟಕಿಗೆ ಚಹಾಕ್ಕೆ ಕೂಗಬೇಕು. ನನ್ನದು ಬಂಡಾಯದ ಹುಡುಗಿಯ ಕೆಲಸ. ನಿಮ್ಮ ಕಾಲದ ಕರಪತ್ರಗಳನ್ನು ಹುಣಸೆಮರದ ಕೆಳಗೆ ನಿಂತು ಗಟ್ಟಿಯಾಗಿ ಓದುತ್ತೇನೆ. ಭೂಮಿ ಯಾರದು, ದುಡಿಮೆ ಯಾರದು ಎಂದು ನಾನು ಕೂಗುವಾಗ ಮೇಲಿನವರು ತಿಂಡಿ ತಿನ್ನುತ್ತಾರೆ. ಓದಲು ಕೊಟ್ಟವರಿಗೆ ನಾನು ಅದನ್ನು ನಂಬಿಯೇನು ಎಂಬ ಅನುಮಾನ ಬರಲಿಲ್ಲ.

ಇದನ್ನೆಲ್ಲ ಸಹಿಸಿದ್ದೆವು. ಕಳೆದ ವಾರ ನಡೆದದ್ದನ್ನು ಸಹಿಸಲಾಗದು.

ತಬಲಾ ನುಡಿಸುವ ಫಕ್ಕೀರಪ್ಪ ಮಾಮಾ ಹಾಡುಹಗಲೇ ವಾಡೆಯ ಕಟ್ಟೆಯ ಮೇಲೆ ತಬಲಾದ ಮೇಲೆಯೇ ಕುಸಿದು ಸತ್ತರು. ಎದುರು ಕಟ್ಟೆಯಲ್ಲಿ ಸಂಡಿಗೆ ಹಾಕುವ ಕೂಲಿಯಲ್ಲಿದ್ದ ಅವರ ಹೆಂಡತಿ ಕಾಶವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. ನಮ್ಮ ಕಡೆ ಹೆಂಗಸರು ಸತ್ತವರ ಗುಣ ಹಾಡಿಕೊಂಡು ಅಳುವುದು ನಿಮಗೆ ಗೊತ್ತೇ ಇದೆ. ಅವಳೂ ಅತ್ತಳು.

“ಬಸ್ ತಪ್ಪತೈತಂತ ಬಿಸಿ ರೊಟ್ಟಿ ಬಿಟ್ಟು ಓಡಿದ್ಯಲ್ಲೋ ನನ ದೊರೀ! ಯಾರ ಮನೀ ಮುಂದ ಬಂದು ಮಲಗೀಯೋ, ಇದು ನಿನ್ನ ಮುತ್ಯಾನ ಮನಿಯೋ, ಒಳಗ ಕರಿಯಾವ್ರು ಯಾರೂ ಇಲ್ಲೋ!”

ಮೂರನೇ ಮಹಡಿಯ ಬಾಡಿಗೆದಾರ ಬಾಲ್ಕನಿಗೆ ಬಂದು ಕೊನೆಯವರೆಗೂ ಕೇಳಿದ. ಆಮೇಲೆ ಚಪ್ಪಾಳೆ ತಟ್ಟಿದ.

ನಾಲ್ಕು ದಿನ ಕಳೆದ ಮೇಲೆ ಉಸ್ತುವಾರಿಯ ಗುರುಸಿದ್ದ ಡಬ್ಬಿಮನೆಗೆ ಬಂದ. ಅವನೂ ನಮ್ಮ ಓಣಿಯ ವಂಶದವನೇ, ಕಂಪನಿಯ ಅಂಗಿ ತೊಟ್ಟಿದ್ದಾನೆ ಅಷ್ಟೆ.

“ಅತ್ತೀ, ತಪ್ಪು ತಿಳಕೋಬ್ಯಾಡ. ಮ್ಯಾಲಿನ ಸಾಹೇಬ್ರಿಗೆ ಭಾಳ ಮನಸಿಗೆ ಬಂದೈತಿ. ಶನಿವಾರ ಅವರ ಮಂದಿ ಬರ್ತಾರ. ಅವತ್ತು ಅತ್ತಂಗ ಇನ್ನೊಮ್ಮೆ...”

ಕಾಶವ್ವ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

“ನಿಮ್ಮ ಮಾಮಾ ಒಮ್ಮೆ ಸತ್ತಾನಪಾ. ಶನಿವಾರ ಮತ್ತೊಮ್ಮೆ ಸಾಯಂಗಿಲ್ಲ.”

“ಕರಾರಿನಾಗ ಐತಿ, ಸದ್ದು ನಿಲ್ಲಂಗಿಲ್ಲ ಅಂತ. ಒಲ್ಲೆ ಅಂದ್ರ ಎಲ್ಲಾರ್ದೂ ಕೆಲಸ ಹೋಗ್ತೈತಿ. ನಾ ಏನಂತ ಹೇಳ್ಲಿ ಅವರಿಗೆ?”

“ನಿಮ್ಮವ್ವ ಸತ್ತಾಗ ನೀನೂ ಹೊರಳಾಡಿ ಅತ್ತಿದ್ಯಲ್ಲ? ಹೋಗು, ಅದನ್ನ ಅತ್ತು ತೋರ್ಸು.”

ಗುರುಸಿದ್ದ ತಲೆ ತಗ್ಗಿಸಿ ಇಳಿದುಹೋದ. ಅವನು ಸುಳ್ಳು ಹೇಳಿರಲಿಲ್ಲ. ಕಂಪನಿ ನಮ್ಮ ಕೂಲಿಯ ಕರಾರಿಗೂ ಸೇರಿಸಿದ ನಿಮ್ಮ ಷರತ್ತು ಇಂದು ನಮ್ಮನ್ನು ಕಟ್ಟಿಹಾಕಿದೆ. ಸದ್ದು ನಿಂತರೆ ಕರಾರು ಮುರಿದವರು ನಾವೇ ಆಗುತ್ತೇವೆ, ಅಗಸಿಯೊಳಗೆ ಕಾಲಿಡುವ ಹಕ್ಕೂ ಉಳಿಯುವುದಿಲ್ಲ. ಅತ್ತರೆ ಓಣಿ ಉಳಿಯುತ್ತದೆ, ಕಾಶವ್ವ ಉಳಿಯುವುದಿಲ್ಲ. ಡಬ್ಬಿಮನೆಯ ಅಂಗಳದಲ್ಲಿ ದೊಡ್ಡ ಜಗಳವೇ ಆಯಿತು. ಅತ್ತುಬಿಟ್ಟರೆ ಏನು ಸವೆಯುತ್ತದೆ ಎಂದವರೂ ಇದ್ದರು. ಮನೆಯಲ್ಲಿ ಮಕ್ಕಳಿದ್ದವರು ಅವರು, ಅವರನ್ನು ಹೇಡಿಗಳೆಂದು ಬಯ್ದದ್ದು ನನ್ನ ಸೊಕ್ಕು. ಕೊನೆಗೆ ಸದ್ದು ನಿಲ್ಲಿಸೋಣವೆಂದು ಅವರೇ ಮೊದಲು ಕೈಯೆತ್ತಿದರು.

ನಾಳೆ ಶನಿವಾರ. ಎಂದಿನಂತೆ ಬಸ್ಸಿಳಿಯುತ್ತೇವೆ, ನಮ್ಮ ನಮ್ಮ ಜಾಗಗಳಲ್ಲಿ ಕೂರುತ್ತೇವೆ. ಬಾಯಿ ತೆರೆಯುವುದಿಲ್ಲ. ಪೇಟಿಯ ಮುಚ್ಚಳ ತೆಗೆಯುವುದಿಲ್ಲ. ಹುಣಸೆಮರದ ಕೆಳಗೆ ನಾನೂ ಸುಮ್ಮನೆ ನಿಂತಿರುತ್ತೇನೆ. ಬಾಲ್ಕನಿಯ ತುಂಬ ನೆರೆದ ಮಂದಿ ನಮ್ಮ ಮೌನವನ್ನು ಕೇಳಲಿ. ಅದು ಅವರ ಬಾಡಿಗೆಯಲ್ಲಿ ಸೇರಿಲ್ಲ. ಆಮೇಲೆ ನಮ್ಮವರಾರೂ ಈ ಓಣಿಯನ್ನು ಮತ್ತೆ ಕಾಣುವುದಿಲ್ಲ.

ಈ ಕಾಗದ ನಿಮ್ಮ ಕೈ ಸೇರುವುದೋ ಇಲ್ಲವೋ ತಿಳಿಯದು. ಸೇರಿದರೆ ಒಂದು ಉಪಕಾರ ಮಾಡಿ. ಭಾನುವಾರ ಎದ್ದು ನಿಂತಾಗ ಸದ್ದಿನ ಮಾತು ಎತ್ತಬೇಡಿ. ನಾವು ಇಲ್ಲೇ ಒಲೆ ಹಚ್ಚುತ್ತೇವೆ, ಇಲ್ಲೇ ಮಲಗುತ್ತೇವೆ, ಇಲ್ಲೇ ಹೆರುತ್ತೇವೆ, ಒಂದು ಖೋಲಿಯನ್ನೂ ಬಿಡುವುದಿಲ್ಲ ಎನ್ನಿ. ಅದು ನಾಟಕದ ಮಾತಿನಷ್ಟು ಚೆಂದವಾಗಿ ಕೇಳಿಸಲಿಕ್ಕಿಲ್ಲ. ಯಾರೂ ಚಪ್ಪಾಳೆ ತಟ್ಟಲಿಕ್ಕಿಲ್ಲ. ತಟ್ಟದಿರಲಿ. ನೀವು ಹಾಗೆ ಹಟ ಹಿಡಿದರೆ ಮುಂದಿನದೆಲ್ಲ ಬದಲಾಗಿ, ನನ್ನ ಅಮ್ಮನೂ ನಾನೂ ಹುಟ್ಟದೆಯೇ ಹೋಗಬಹುದು. ಅದಕ್ಕೆ ಹಿಂಜರಿಯಬೇಡಿ. ಫಕ್ಕೀರಪ್ಪ ಮಾಮಾ ತನ್ನ ಮನೆಯೊಳಗೆ ಸಾಯಲಿ, ಕಾಶವ್ವ ಬಾಗಿಲು ಹಾಕಿಕೊಂಡು ಅಳಲಿ.

ನಿಮ್ಮ ಮರಿಮೊಮ್ಮಗಳು,
ಚಂಪಾ