ಮುರುಗಲಿನ ಗಂಡು ಮರ

ಕಡಲೇರಿಕೆಯ ತೊಂಬತ್ತೆಂಟನೆಯ ವರ್ಷ, ಮೊದಲನೆಯ ಬೇಸಿಗೆ.
ನಿಮ್ಮ ಲೆಕ್ಕದಲ್ಲಿ ಕ್ರಿ.ಶ. ೨೨೩೧, ಫೆಬ್ರವರಿ ೩೦.

ಹಿಂದಿನ ಕಾಲದವರಿಗೆ,

ಫೆಬ್ರವರಿಯಲ್ಲಿ ಮೂವತ್ತನೆಯ ತಾರೀಖು ಎಲ್ಲಿಂದ ಬಂತೆಂದು ನಗಬೇಡಿ. ತಿಂಗಳುಗಳನ್ನೆಲ್ಲ ನಮ್ಮವರು ಸಮ ಮಾಡಿ ಬಹಳ ಕಾಲವಾಯಿತು. ನನ್ನ ಕನ್ನಡವೂ ನಿಮಗೆ ಅನ್ನದಲ್ಲಿ ಕಲ್ಲು ಸಿಕ್ಕಂತೆ ಅನಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಂಡು ತಿದ್ದಿ ತಿದ್ದಿ ಬರೆಯುತ್ತಿದ್ದೇನೆ. ನನ್ನ ಹೆಸರು ದೇವಿ ಬೊಮ್ಮು. ಕುಮಟೆ ಊರು ಕಡಲಲ್ಲಿ ಮುಳುಗಿದ ಮೇಲೆ ಜನ ಹತ್ತಿ ಕುಳಿತ ಗುಡ್ಡಗಳಲ್ಲಿ ಮೂರನೆಯದರ ನೀರಾಳು ನಾನು. ಯಾವ ಗಿಡಕ್ಕೆ ಎಷ್ಟು ಕೊಡ ನೀರೆಂದು ತೀರ್ಮಾನಿಸುವವರನ್ನು ಇಲ್ಲಿ ಹಾಗೆ ಕರೆಯುತ್ತಾರೆ.

ನಮ್ಮಲ್ಲಿ ಹಿಂದಂಚೆ ಎಂಬುದೊಂದಿದೆ. ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆ ಅದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಹಾಳೆ. ಕಾಗದ ಮಾತ್ರ ದಾಟುತ್ತದೆ, ಬೀಜ ಎಲೆ ಕಡ್ಡಿ ಯಾವುದೂ ದಾಟುವುದಿಲ್ಲ. ಹೆಚ್ಚಿನವರು ತೀರಿಕೊಂಡವರಿಗೆ ನಾಲ್ಕು ಮಾತು ಬರೆದು ಕಣ್ಣೊರೆಸಿಕೊಳ್ಳುತ್ತಾರೆ. ನಾನು ನನ್ನ ಹಾಳೆಯನ್ನು ಒಂದು ಮರಕ್ಕಾಗಿ ಖರ್ಚು ಮಾಡುತ್ತಿದ್ದೇನೆ. ಆ ಮರದ ಸಂತಾನಕ್ಕೆ ಕೊಡಲಿ ಹಾಕಿಸಿದವಳು ನಾನೇ.

ಅದು ಮುರುಗಲು. ನೀವು ಪುನರ್ಪುಳಿ, ಕೋಕಂ ಎಂದೂ ಕರೆಯುತ್ತಿದ್ದಿರಂತೆ. ನಿಮಗೆ ಅದು ಬೇಸಿಗೆಯಲ್ಲಿ ನೆಂಟರಿಗೆ ಕೊಡುವ ಪಾನಕ ಅಷ್ಟೇ ಇರಬಹುದು. ನಮಗೆ ವರ್ಷಕ್ಕೆ ಎರಡು ಬೇಸಿಗೆ. ಬೆಳಗಿನ ಹತ್ತರಿಂದ ಸಂಜೆ ಐದರವರೆಗೆ ಮುಚ್ಚುಹೊತ್ತು, ಅಂದರೆ ಯಾರೂ ಹೊರಗೆ ಕಾಲಿಡುವಂತಿಲ್ಲ. ಚಿರೆಕಲ್ಲಿನ ನೆಲಮನೆಗಳಲ್ಲಿ ಒದ್ದೆ ಬಟ್ಟೆ ಹೊದ್ದು ಮಲಗಿರುತ್ತೇವೆ. ಹೊತ್ತು ಇಳಿದು ಬಾಗಿಲು ತೆರೆದಾಗ ಮೊದಲು ಕೈಗೆ ಬರುವುದು ಮುರುಗಲ ಸಿಪ್ಪೆ ನೆನೆಸಿ ಉಪ್ಪು ಹಾಕಿದ ಕೆಂಪು ನೀರು. ಆ ಹುಳಿ ನಾಲಿಗೆಗೆ ತಾಗಿದ ಮೇಲೆಯೇ ಇವತ್ತೂ ಬದುಕಿದೆವು ಎಂಬ ನಂಬಿಕೆ. ಹಣ್ಣು ಒಡೆದರೆ ಬಿಳಿ ಬೀಜ, ಕೈಯೆಲ್ಲ ಕಡುಗೆಂಪು. ಸಿಪ್ಪೆಯನ್ನು ಅದರದೇ ರಸದಲ್ಲಿ ಅದ್ದಿ ಒಣಗಿಸಿ, ಮತ್ತೆ ಅದ್ದಿ ಒಣಗಿಸಿ, ಕಪ್ಪಾಗುವವರೆಗೆ ಬಿಡುವುದಿಲ್ಲ. ಬೀಜ ಕುದಿಸಿ ತೆಗೆದ ತುಪ್ಪ ಒಡೆದ ಹಿಮ್ಮಡಿಗೆ. ಹುಳಿ ಅಂದರೆ ನಮ್ಮ ಗುಡ್ಡದಲ್ಲಿ ಬೇರೆ ಉಳಿದಿಲ್ಲ.

ನಮ್ಮಲ್ಲಿದ್ದದ್ದು ಹಣ್ಣು ಬಿಡುವ ನಾಲ್ಕು ಮರ, ಮತ್ತು ಬೇಲಿಯಂಚಿನಲ್ಲಿ ತಾನಾಗಿ ಎದ್ದ ಐದನೆಯದು. ಆ ಐದನೆಯದು ಎಲ್ಲಕ್ಕಿಂತ ಹೆಚ್ಚು ಹೂ ಬಿಡುತ್ತಿತ್ತು, ಹಣ್ಣು ಮಾತ್ರ ಒಂದೂ ಇಲ್ಲ. ಬರೀ ಬಡಾಯಿ ಮರ ಎಂದು ಗೇಲಿ ಮಾಡುತ್ತಿದ್ದೆವು. ನಮ್ಮ ಕಟ್ಟಳೆ ಚಿಕ್ಕದು: ಮೂರು ವರ್ಷ ಕಾಯಿ ಬಿಡದ ಮರಕ್ಕೆ ನೀರಿಲ್ಲ. ನೀರಾಳು ಅದಕ್ಕೆ ಕರಿ ದಾರ ಕಟ್ಟಿದರೆ ಮರುದಿನ ಅದು ಸೌದೆ. ನನಗಿಂತ ಹಿಂದಿನ ನೀರಾಳುಗಳು ಏಕೋ ಅದನ್ನು ಬಿಟ್ಟಿದ್ದರು. ನಾನು ಹೊಸಬಳು, ಕಟ್ಟುನಿಟ್ಟಿನವಳು ಎನಿಸಿಕೊಳ್ಳುವ ಚಪಲ. ದಾರ ಕಟ್ಟಿದೆ. ಗುಡ್ಡದಲ್ಲಿ ಎಲ್ಲರಿಗಿಂತ ಹಿರಿಯಳಾದ ಬೀರಜ್ಜಿ ಕೋಲೂರಿಕೊಂಡು ಬಂದು ಮರಕ್ಕೆ ಬೆನ್ನು ಕೊಟ್ಟು ನಿಂತಳು.

“ಅದ್ನ ಕಡೂಕಾಗ ಮಗಾ. ಅದು ಗಂಡು. ಅದು ಹಣ್ ಬಿಡುದಿಲ್ಲ, ಅದಿಲ್ದೆ ಹೋದ್ರೆ ಇವೂ ಬಿಡುದಿಲ್ಲ.”

ಮರದಲ್ಲಿ ಗಂಡು ಹೆಣ್ಣು ಎಲ್ಲಿಂದ ಬಂತಜ್ಜಿ ಎಂದು ನಾನು ನಕ್ಕೆ. ಸುತ್ತಲಿದ್ದವರೂ ನಕ್ಕರು. ಮರುದಿನ ಮರ ಸೌದೆಯಾಯಿತು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ.

ಮರುವರ್ಷ ನಾಲ್ಕೂ ಮರ ಹೂ ಬಿಟ್ಟವು, ಎಲ್ಲ ಉದುರಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹಳೆಯ ಪುಸ್ತಕಗಳನ್ನು ತೆಗೆದು ಓದಿದೆ. ಬೀರಜ್ಜಿ ಹೇಳಿದ್ದು ಅಕ್ಷರ ಅಕ್ಷರ ನಿಜ. ಗಂಡು ಹೂವನ್ನು ಹುಡುಕಿಕೊಂಡು ಹನ್ನೊಂದು ಗುಡ್ಡ ನಡೆದೆ. ಮುರುಗಲು ಎಲ್ಲ ಕಡೆ ಇದೆ, ಎಲ್ಲವೂ ಹೆಣ್ಣು, ಎಲ್ಲವೂ ಒಣ ಹೂ ಉದುರಿಸುತ್ತ ನಿಂತಿವೆ. ಕಾರಣ ನೀವು. ಸಿಟ್ಟಾಗಬೇಡಿ, ನನ್ನ ತಪ್ಪು ನಾನು ಹೇಳಿದ್ದೇನೆ, ನಿಮ್ಮದನ್ನೂ ಕೇಳಿಸಿಕೊಳ್ಳಿ. ಬೀಜದಿಂದ ಎದ್ದ ಗಿಡ ಗಂಡೋ ಹೆಣ್ಣೋ ತಿಳಿಯಲು ಏಳೆಂಟು ವರ್ಷ ಕಾಯಬೇಕು, ಅರ್ಧದಷ್ಟು ಗಂಡೇ ಆಗುತ್ತವೆ ಎಂದು ನೀವು ಹೆಣ್ಣು ಮರದ ಕಡ್ಡಿಯನ್ನೇ ಕಸಿ ಕಟ್ಟಿ ತೋಟ ತುಂಬಿಸಿದಿರಿ. ಗಂಡು ಕಾಡಿನಲ್ಲಿ ಹೇಗೂ ಇರುತ್ತದೆ ಅಂದುಕೊಂಡಿರಿ. ನಮಗೆ ಕಾಡು ಉಳಿಯಲಿಲ್ಲ. ಬೀಜ ಕೂಡಿಡೋಣವೆಂದರೆ ಮುರುಗಲ ಬೀಜ ಒಣಗಿದರೆ ಸತ್ತೇ ಹೋಗುತ್ತದೆ, ಯಾವ ತಂಪು ಪೆಟ್ಟಿಗೆಯಲ್ಲೂ ಬಾಳುವುದಿಲ್ಲ.

ಇದು ಹಣ್ಣಿಲ್ಲದ ಮೂರನೆಯ ವರ್ಷ, ಕೂಡಿಟ್ಟ ಹಳೆಯ ಸಿಪ್ಪೆಯೂ ತಳ ಕಂಡಿದೆ. ಹೂ ಇನ್ನು ಹನ್ನೊಂದು ದಿನ ನಿಲ್ಲಬಹುದು. ಬೀರಜ್ಜಿ ಬೆಳಗಾಗುತ್ತಲೇ ಕೋಳಿಗರಿ ಹಿಡಿದು ಹೆಣ್ಣು ಹೂವಿನಿಂದ ಹೆಣ್ಣು ಹೂವಿಗೆ ಸವರುತ್ತಾಳೆ. ಏನೂ ಆಗುವುದಿಲ್ಲವೆಂದು ಅವಳಿಗೂ ಗೊತ್ತು, ನಾನೂ ಪಕ್ಕದಲ್ಲಿ ನಿಂತು ಕೊಂಬೆ ಬಗ್ಗಿಸಿ ಕೊಡುತ್ತೇನೆ. ಹೂ ಉದುರಿದ ದಿನ ಈ ನಾಲ್ಕಕ್ಕೂ ನಾನೇ ಕರಿ ದಾರ ಕಟ್ಟಬೇಕು. ಬಿಡಿ ಎಂದು ಯಾವ ಬಾಯಲ್ಲಿ ಕೇಳಲಿ? ಅವುಗಳ ಪಾಲಿನ ನೀರಿಗಾಗಿ ಬಾಣಂತಿಯರು ಕಾಯುತ್ತಿದ್ದಾರೆ, ಮತ್ತು ಕಟ್ಟಳೆಗೆ ವಿನಾಯಿತಿ ಇಲ್ಲವೆಂದು ಸಾರಿದವಳು ನಾನು. ನನಗೆ ಭಯವಾಗುತ್ತಿದೆ.

ಕೈಮುಗಿದು ಕೇಳುತ್ತೇನೆ. ಈ ಬೇಸಿಗೆಯಲ್ಲಿ ಮುರುಗಲು ತಿಂದರೆ ಬೀಜ ಎಸೆಯಬೇಡಿ. ಹಸಿಯಾಗಿರುವಾಗಲೇ, ಎರಡು ವಾರದೊಳಗೆ, ಕಡಲು ಎಟುಕದ ಎತ್ತರದ ಗುಡ್ಡದಲ್ಲಿ ನೆಡಿ. ಕಸಿ ಗಿಡ ಬೇಡ, ಬೀಜವೇ ಆಗಬೇಕು. ಎಂಟು ವರ್ಷ ಕಾದ ಮೇಲೆ ಅದು ಬರೀ ಹೂ ಬಿಟ್ಟರೆ ಬೈಯಬೇಡಿ, ಕಡಿಯಬೇಡಿ, ಮಕ್ಕಳಿಗೂ ಕಡಿಯಬೇಡಿ ಎಂದು ಹೇಳಿ. ಮುಂದೆ ಬೀಜ ಹರಡುವುದನ್ನು ಮಂಗ, ಹಕ್ಕಿ ನೋಡಿಕೊಳ್ಳುತ್ತವೆ.

ನೀವು ನೆಟ್ಟರೆ ನನಗೆ ತಿಳಿಯುವುದಿಲ್ಲ. ಗುಡ್ಡದ ಮೇಲೆ ಗಂಡು ಮರಗಳು ಮೊದಲಿನಿಂದಲೂ ಇದ್ದ ಹಾಗೆಯೇ ಇರುತ್ತವೆ, ನಾನು ಸಿಪ್ಪೆ ಒಣಹಾಕುತ್ತ ಕುಳಿತಿರುತ್ತೇನೆ, ಇಂಥದೊಂದು ಕಾಗದ ಬರೆಯುವ ಪ್ರಸಂಗವೇ ನನಗೆ ಬಂದಿರುವುದಿಲ್ಲ.

ಆದರೆ ಬರೆದಿದ್ದೇನೆ. ನೀವು ಓದುತ್ತಿದ್ದೀರಿ. ಅಂದರೆ ಇನ್ನೂ ಯಾರೂ ನೆಟ್ಟಿಲ್ಲ.

ದೇವಿ ಬೊಮ್ಮು