ಕಾಗೆಗಳು ತಿಂದ ಬ್ರೆಡ್ಡು

ಜೂನ್ ೧೩, ೨೦೨೪

ಬೇಕರಿಯ ಯಜಮಾನರಿಗೆ,

ನಮಸ್ಕಾರ. ಮೇ ತಿಂಗಳಲ್ಲಿ ನಾನು ಬರೆದ ಪತ್ರದಲ್ಲಿ ಒಂದು ದಿನಾಂಕ ತಪ್ಪಾಗಿತ್ತು. ಅದಕ್ಕಾಗಿ ಕ್ಷಮೆ ಕೋರುತ್ತೇನೆ. ದಿನಾಂಕಕ್ಕಷ್ಟೇ, ನಿಮ್ಮನ್ನು ಕುರಿತು ಬರೆದ ಮಿಕ್ಕ ಮಾತುಗಳೆಲ್ಲ ಇದ್ದಂತೆಯೇ ಇರಲಿ.

ನಿಮ್ಮ ಉತ್ತರ ತಲುಪಿತು. ಅದರ ಕಾಗುಣಿತವನ್ನು ತಿದ್ದುವ ಗೋಜಿಗೆ ಹೋಗಲಿಲ್ಲ. ಜೀವಮಾನವಿಡೀ ಅಚ್ಚುಕೂಟದಲ್ಲಿ ಕರಡು ತಿದ್ದಿದವಳ ತಾಳ್ಮೆಗೂ ಒಂದು ಮಿತಿಯಿದೆ. ವಾದವೇನೋ ಅರ್ಥವಾಯಿತು. ವೈದ್ಯರು ಸೀಲಿಯಾಕ್ ಎಂದು ಕರೆಯುವ ಗೋಧಿಯ ಕಾಯಿಲೆ ನನಗಿರುವುದು ಈಗ ಖಚಿತವಾಗಿದೆ, ತಾಯಿಗಿದ್ದರೆ ಮಕ್ಕಳಿಗೂ ಇರುವ ಸಂಭವ ಹೆಚ್ಚು, ಆದ್ದರಿಂದ ಮಗಳನ್ನು ಪರೀಕ್ಷೆಗೆ ಕಳುಹಿಸಿ ಎಂದು ನಾನು ಬರೆದಿದ್ದೆ. ನೀವು ಒಂಬತ್ತು ವರ್ಷದ ಹಿಂದಿನ ವರದಿಯನ್ನು ಎತ್ತಿ ಹಿಡಿದಿರಿ. “ಜುಲೈನಲ್ಲಿ ರಕ್ತ ಕೊಟ್ಟೆ, ಆಗಸ್ಟಿನಲ್ಲಿ ಗೋಧಿ ಬಿಟ್ಟೆ ಎಂದು ನೀನೇ ಬರೆದಿದ್ದೀಯೆ. ನನ್ನ ಬ್ರೆಡ್ಡು ತಿನ್ನುತ್ತಿದ್ದಾಗಲೇ ಕಾಣದ ಕಾಯಿಲೆ ಈಗೆಲ್ಲಿಂದ ಉದುರಿತು?” ಎಂದು ಕೇಳಿದಿರಿ.

ತಿನ್ನುತ್ತಿರಲಿಲ್ಲ. ಇದೇ ಆ ತಪ್ಪು.

ಆ ವರ್ಷದ ಜನವರಿಯಲ್ಲೇ ನಾನು ಬಿಟ್ಟಿದ್ದೆ. ತಿಂದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತಿತ್ತು, ಬಿಟ್ಟರೆ ತಣ್ಣಗಿರುತ್ತಿತ್ತು. ಆದರೆ ಬೇಕರಿಯವನ ಹೆಂಡತಿಯೇ ಬ್ರೆಡ್ಡು ಮುಟ್ಟುವುದಿಲ್ಲವೆಂದು ಗೊತ್ತಾದರೆ ಗಿರಾಕಿಗಳು ಏನೆಂದುಕೊಂಡಾರು ಎಂದು ನೀವು ಮನೆಯಲ್ಲಿ ರಂಪ ಮಾಡುತ್ತಿದ್ದಿರಿ. ಆದ್ದರಿಂದ ನೀವು ತಟ್ಟೆಗಿಟ್ಟ ಚೂರುಗಳನ್ನು ಕರವಸ್ತ್ರದಲ್ಲಿ ಸುತ್ತಿ ಹಿತ್ತಲಿಗೆ ಒಯ್ಯುತ್ತಿದ್ದೆ. ಖಾಲಿ ಹಿಟ್ಟಿನ ಚೀಲಗಳ ಮೇಲೆ ಕಾಗೆಗಳು ಕಾಯ್ದು ಕೂತಿರುತ್ತಿದ್ದವು. ಅವು ಅಷ್ಟೊಂದು ಕೊಬ್ಬಿದ್ದು ಹೇಗೆಂದು ನೀವೇ ಬೆರಗಾಗುತ್ತಿದ್ದಿರಿ.

ಜುಲೈನಲ್ಲಿ ಪರೀಕ್ಷೆಗೆ ಹೋದಾಗ, ಗೋಧಿ ತಿನ್ನುತ್ತಿದ್ದೀರಾ ಎಂದು ವೈದ್ಯರು ಕೇಳಿದ್ದು ನನ್ನನ್ನು. ಉತ್ತರ ಕೊಟ್ಟವರು ನೀವು. “ನಮ್ಮನೇಲಿ ಬ್ರೆಡ್ಡಿಗೇನು ಬರವಾ ಡಾಕ್ಟ್ರೇ? ಮೂರು ಹೊತ್ತೂ ಅದನ್ನೇ ಮೇಯ್ತಾಳೆ.” ಅವರು ನಕ್ಕರು. ನಾನು ತೋಳು ಚಾಚಿ ರಕ್ತ ಕೊಟ್ಟೆ. ವರದಿಯಲ್ಲಿ ಏನೂ ಇಲ್ಲವೆಂದು ಬಂದಾಗ ನೀವು ಅದನ್ನು ಗಲ್ಲಾಪೆಟ್ಟಿಗೆಯ ಬಳಿ ನಿಂತು ಗಿರಾಕಿಗಳಿಗೆ ಓದಿ ಹೇಳಿದಿರಿ. “ಇವಳ ಕಾಯಿಲೆ ಹೊಟ್ಟೇಲಿಲ್ಲ, ತಲೇಲಿದೆ” ಎಂದಿರಿ. ಆಗಸ್ಟಿನಲ್ಲಿ ನಾನು ಬಹಿರಂಗವಾಗಿ ತಟ್ಟೆ ಪಕ್ಕಕ್ಕೆ ತಳ್ಳಿದೆ; ಚಳಿಗಾಲ ಬರುವ ಮೊದಲು ಮನೆಯನ್ನೂ ಬಿಟ್ಟೆ.

ಈ ವರ್ಷ ಬೇರೊಬ್ಬ ವೈದ್ಯೆಯ ಮುಂದೆ ಕಾಗೆಗಳ ವಿಷಯವನ್ನು ಮೊದಲ ಬಾರಿಗೆ ಹೇಳಿದೆ. ಆಕೆ ಬರೆಯುವುದನ್ನು ನಿಲ್ಲಿಸಿ, “ಬೆಂಕಿ ಆರಿಸಿ ಆಮೇಲೆ ಹೊಗೆ ಹುಡುಕಿದ್ರಲ್ಲಮ್ಮ” ಎಂದರು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಒಳಗೆ ಹೋಗುತ್ತಿದ್ದರೆ ಮಾತ್ರ ಕಾಯಿಲೆಯ ಗುರುತು ರಕ್ತದಲ್ಲಿ ಕಾಣುತ್ತದಂತೆ. ತಿಂಗಳುಗಟ್ಟಲೆ ಬಿಟ್ಟರೆ ಗುರುತು ಅಳಿಯುತ್ತದೆ, ಕರುಳೂ ಮಾಯುತ್ತದೆ. ಆಗ ಬರುವ ‘ಇಲ್ಲ’ ಎಂಬ ಉತ್ತರಕ್ಕೆ ಬೆಲೆಯಿಲ್ಲ. ಆದ್ದರಿಂದ ದಿನಕ್ಕೆ ಎರಡು ಚೂರು ಬ್ರೆಡ್ಡನ್ನು ವಾರಗಟ್ಟಲೆ ತಿಂದು ನಾನು ಮತ್ತೆ ರೋಗಿಯಾಗಬೇಕಾಯಿತು. ಆದೆ. ಬಚ್ಚಲಿಗೂ ಹಾಸಿಗೆಗೂ ಅಲೆದೆ. ರಕ್ತದಲ್ಲಿ ಗುರುತು ಸಿಕ್ಕಿತು. ಕರುಳಿನ ತುಣುಕು ತೆಗೆದು ನೋಡಿದರು, ಅಲ್ಲಿಯೂ ಸಿಕ್ಕಿತು. ನನ್ನ ಮಟ್ಟಿಗೆ ಇದರ ಅಗತ್ಯವೇ ಇರಲಿಲ್ಲ, ಗೋಧಿಯಿಲ್ಲದೆ ಸುಖವಾಗಿದ್ದೆ. ಕಬ್ಬಿಣದ ಮಾತ್ರೆ ನುಂಗಿಯೂ ರಕ್ತವೇರದೆ ಮಗಳು ನಿಮ್ಮ ಹಿಟ್ಟು ನಾದುವ ಯಂತ್ರದ ಪಕ್ಕದಲ್ಲೇ ಕುಸಿದುಬಿದ್ದಳೆಂದು ಕೇಳಿದ ಮೇಲೆ ಈ ಸಂಕಟಕ್ಕೆ ಕೈಹಾಕಿದೆ.

ಈಗ ನಿಮ್ಮ ಪತ್ರದ ಕೊನೆಯ ಸಾಲಿಗೆ ಬರುತ್ತೇನೆ. ನನ್ನ ಬಾಯಿ ಮುಚ್ಚಿಸಲೆಂದು ಮೇ ತಿಂಗಳಿನಿಂದಲೇ ಅವಳ ಬ್ರೆಡ್ಡು ನಿಲ್ಲಿಸಿದ್ದೀರಿ, ಜೂನ್ ೨೪ರಂದು ನನ್ನ ವೈದ್ಯೆಯ ಬಳಿಯೇ ರಕ್ತ ಕೊಡಿಸಿ ವರದಿಯನ್ನು ನನ್ನ ಮುಖಕ್ಕೆ ಎಸೆಯುತ್ತೀರಿ ಎಂದು ಬರೆದಿದ್ದೀರಿ. ಎಸೆಯುವ ಕೈ ನಿಮಗೆ ಮೊದಲಿನಿಂದಲೂ ಚುರುಕು. ಆದರೆ ಕಾಯಿಲೆ ಇದ್ದರೂ ಇಲ್ಲವೆಂದು ಬರಬಹುದಾದ ಪರೀಕ್ಷೆಯಿಂದ ನೀವು ಗೆಲ್ಲುವುದು ನನ್ನ ಮೇಲೆ, ಸೋಲುವವಳು ಅವಳು. ಆ ವರದಿಯನ್ನು ನಂಬಿ ಅವಳು ಮತ್ತೆ ಅದೇ ಯಂತ್ರದ ಪಕ್ಕದಲ್ಲಿ ನಿಂತು, ಅದೇ ಬ್ರೆಡ್ಡನ್ನು ಬಾಳಿಡೀ ತಿನ್ನುತ್ತಾಳೆ. ಅವಳು ಎಂದೂ ನಿಮ್ಮ ಮಾತು ಮೀರಿದವಳಲ್ಲ.

ಆದ್ದರಿಂದ, ಬರೆಯುತ್ತೇನೆಂದು ಎಂದೂ ಎಣಿಸದಿದ್ದ ವಾಕ್ಯವೊಂದನ್ನು ಬರೆಯುತ್ತಿದ್ದೇನೆ. ಅವಳಿಗೆ ನಿಮ್ಮ ಬ್ರೆಡ್ಡನ್ನು ಕೊಡಿ. ದಿನಾಲೂ ಕೊಡಿ, ಎದುರಿಗೆ ಕೂತು ತಿನ್ನಿಸಿ. ಪರೀಕ್ಷೆಯನ್ನು ವೈದ್ಯೆಗೆ ಹೇಳಿ ಮುಂದಕ್ಕೆ ಹಾಕಿಸಿದ್ದೇನೆ. ತೀರಾ ಸಂಕಟವಾದರೆ ಆಕೆಗೆ ತಿಳಿಸಬೇಕು, ನಿಮ್ಮ ಗಿರಾಕಿಗಳಿಗಲ್ಲ. ವೈದ್ಯೆಯ ಪ್ರಶ್ನೆಗೆ ಉತ್ತರವನ್ನು ಅವಳೇ ಕೊಡಲಿ. ನೀವು ಹೊರಗೆ ಕೂತಿರಿ.

ಇತಿ,
ನಿಮ್ಮ ಮಗಳ ತಾಯಿ

ತಾ.ಕ.: ಮಾರ್ಚಿನಿಂದ ನಾನು ತಿಂದ ಬ್ರೆಡ್ಡು ಯಾವ ಅಂಗಡಿಯದೆಂದು ಯಾರೂ ಕೇಳಲಿಲ್ಲ. ಪಕ್ಕದ ಮನೆಯ ದರ್ಜಿಯಮ್ಮನ ಕೈಯಲ್ಲಿ ನಿಮ್ಮಲ್ಲಿಂದಲೇ ತರಿಸಿದೆ. ತಳ ಈಚೆಗೆ ಕರ್ರಗಾಗುತ್ತಿದೆ, ಒಲೆಯನ್ನು ಯಾರಿಗಾದರೂ ತೋರಿಸಿ. ಈ ಸಲ ಕಾಗೆಗಳಿಗೆ ಒಂದು ಚೂರೂ ಸಿಗಲಿಲ್ಲ.

ತಿದ್ದಿದ ದಿನಾಂಕಗಳು:

ನಾನು ಗೋಧಿ ಬಿಟ್ಟದ್ದು: ೨೦೧೫ರ ಆಗಸ್ಟ್ ೯ ಅಲ್ಲ, ಅದೇ ವರ್ಷದ ಜನವರಿ ೧೮.
ಮೊದಲ ರಕ್ತಪರೀಕ್ಷೆ: ೨೦೧೫ರ ಜುಲೈ ೧೧. ದಿನಾಂಕ ಸರಿ, ಪರೀಕ್ಷೆ ವ್ಯರ್ಥ.
ನಾನು ಮತ್ತೆ ಬ್ರೆಡ್ಡು ತಿಂದದ್ದು: ಈ ವರ್ಷದ ಮಾರ್ಚ್ ೪ರಿಂದ ಮೇ ೨ರವರೆಗೆ.
ಮಗಳ ರಕ್ತಪರೀಕ್ಷೆ: ಜೂನ್ ೨೪ ಅಲ್ಲ, ಆಗಸ್ಟ್ ೫.
ಮಗಳು ಮತ್ತೆ ಬ್ರೆಡ್ಡು ತಿನ್ನುವುದು: ಈ ಪತ್ರ ನಿಮ್ಮ ಕೈಸೇರಿದ ದಿನದಿಂದ.