ದರ್ಜಿಯ ನಿದ್ದೆ

೬ ಫೆಬ್ರುವರಿ ೧೯೫೦, ಭಾಲ್ಕಿ. ಬೆಳಿಗ್ಗೆ

ಇವತ್ತೂ ಇಸ್ತ್ರಿ ಇಟ್ಟಲ್ಲೇ ಉಳಿಯಿತು. ಸುಟ್ಟ ವಾಸನೆ ಬಂದು ಒಲೆ ಬಿಟ್ಟು ಅಂಗಡಿಗೆ ಓಡಿದೆ. ಇವರು ಮೆಷಿನ್ ಮೇಲೆ ತಲೆ ಇಟ್ಟು ನಿದ್ದೆ ಹೋಗಿದ್ದಾರೆ. ಪಕ್ಕದಲ್ಲಿ ಯಾರದೋ ಕೋಟಿನ ಬೆನ್ನಿಗೆ ಅಂಗೈ ಅಗಲದ ತೂತು, ಇನ್ನೂ ಹೊಗೆಯಾಡುತ್ತಿದೆ. ಈ ತಿಂಗಳಲ್ಲಿ ಇದು ಎರಡನೆಯದು. ತಾರೀಖು ಇನ್ನೂ ಆರು.

ಎಬ್ಬಿಸಿದರೆ, ಮಲಗಿರಲಿಲ್ಲ, ಕಣ್ಣು ಮುಚ್ಚಿ ಅಳತೆ ಲೆಕ್ಕ ಹಾಕುತ್ತಿದ್ದೆ ಎಂದರು. ಗಲ್ಲದ ಮೇಲೆ ಮೆಷಿನ್‌ನ ಗುರುತು ಹಾಗೇ ಮೂಡಿತ್ತು.

ಈ ಪುಸ್ತಕ ಇವರ ಎದುರಿಗೇ ಬರೆಯುತ್ತೇನೆ. ಇವರಿಗೆ ಉರ್ದು ಬರುತ್ತದೆ, ಮರಾಠಿ ಬರುತ್ತದೆ, ಕನ್ನಡ ಓದಲು ಬಾರದು. ಮಠದಲ್ಲಿ ಕಲಿತ ನಾಲ್ಕು ಅಕ್ಷರ ಇದಕ್ಕಾದರೂ ಬಂತು. ಏನು ಬರೆಯುತ್ತೀ ಎಂದರೆ ಗುಂಡಿ ಲೆಕ್ಕ ಎನ್ನುತ್ತೇನೆ.

೮ ಫೆಬ್ರುವರಿ. ಮಧ್ಯಾಹ್ನ

ರಾತ್ರಿಯೆಲ್ಲ ಮಾಳಿಗೆ ಮೇಲೆ ಕೋಲು ಕುಟ್ಟುತ್ತಾ ತಿರುಗುವುದು. ಹಗಲೆಲ್ಲ ಅಂಗಡಿಯಲ್ಲಿ ತೂಕಡಿಸುವುದು. ರಜಾಕಾರರ ಕಾಲದಲ್ಲಿ ಊರಿನ ಗಂಡಸರು ಸರದಿಯಂತೆ ಕಾವಲು ಕಾಯುತ್ತಿದ್ದರು, ಸರಿ. ಔರಾದ ಕಡೆಯ ಆ ಊರನ್ನೇ ಬಿಟ್ಟು ಬಂದೆವು. ಶ್ರಾವಣದ ದಾಳಿಯಲ್ಲಿ ಇವರ ಅಣ್ಣ ಬಸವಣ್ಣೆಪ್ಪನವರನ್ನು ಕಳೆದುಕೊಂಡು ಬಂದೆವು. ಮರುತಿಂಗಳೇ ಮಿಲಿಟರಿ ಬಂತು, ಪೊಲೀಸ್ ಆ್ಯಕ್ಷನ್ ಆಯಿತು, ರಜಾಕಾರರ ಆಟ ಮುಗಿಯಿತು. ಒಂದೂವರೆ ವರ್ಷ ಕಳೆಯಿತು. ಈಗ ಭಾಲ್ಕಿಯಲ್ಲಿ ಯಾರಿಗೆಂದು ಕಾವಲು?

ಎಚ್ಚರ ಪುಕ್ಕಟೆ ಬರುವುದಿಲ್ಲ. ರಾತ್ರಿಯ ಕಂದೀಲಿಗೆ ಸೀಮೆಎಣ್ಣೆ. ಹಗಲಿನ ತೂಕಡಿಕೆಗೆ ಏಳೆಂಟು ಬಾರಿ ಚಹಾ, ಚಹಾಕ್ಕೆ ಕಾಳಸಂತೆಯ ಸಕ್ಕರೆ. ಸುಟ್ಟ ಕೋಟಿಗೆ ಬದಲಿ ಕೋಟು. ಎರಡು ದಿನದ ಕೆಲಸಕ್ಕೆ ಆರು ದಿನ. ಹಳೆಯ ಗಿರಾಕಿಗಳು ನಮ್ಮ ಅಂಗಡಿ ದಾಟಿ ಎದುರಿನ ಅಂಗಡಿಗೆ ಹೋಗುತ್ತಾರೆ, ಹೋಗುವಾಗ ನನ್ನ ಕಡೆ ನೋಡುವುದಿಲ್ಲ. ಇವರು ಕುಡಿಯುವವರಲ್ಲ, ಇಸ್ಪೀಟು ಮುಟ್ಟಿದವರಲ್ಲ. ಆದರೂ ಮನೆ ಮುಳುಗುತ್ತಿದೆ. ನಿದ್ದೆಗೆಟ್ಟು ಮನೆ ಕೆಡಿಸಿದರು ಎಂದು ಹೇಳಿಕೊಂಡರೆ ಯಾರು ನಂಬುತ್ತಾರೆ?

೯ ಫೆಬ್ರುವರಿ

ದೇವರು ಕಣ್ಣು ತೆರೆದನೋ, ಪರೀಕ್ಷೆಗೆ ಇಟ್ಟನೋ. ಬೀದರಿನಿಂದ ಗೋರಖನಾಥರು ಬಂದಿದ್ದರು. ಚಿದ್ರಿ ಕಡೆ ಹೊಸದಾಗಿ ತೆರೆದ ಹುಡುಗರ ಬೋರ್ಡಿಂಗ್ ನೋಡಿಕೊಳ್ಳುವವರು. ಮೂವತ್ತು ಅಂಗಿ, ಮೂವತ್ತು ಚೊಣ್ಣ, ಯುಗಾದಿಯ ಒಳಗೆ. ಖಾಕಿ ಬಟ್ಟೆಯ ಗಂಟು ರೈಲಿನಲ್ಲಿ ತಂದಿದ್ದರು. ಹೋಗುವಾಗ ಒಂದು ಮಾತು ಹೇಳಿದರು.

"ಕಂಟ್ರೋಲಿನ ಬಟ್ಟಿ ಅದರಿ ಮಾಸ್ತರ. ಒಂದು ಗೇಣು ಕೆಟ್ಟರೂ ಮತ್ತ ಸಿಗಲ್ದು."

ಕೆಲಸ ಚೆನ್ನಾದರೆ ವರ್ಷವಿಡೀ ಅವರ ಹೊಲಿಗೆ ನಮಗೆ. ಕೆಟ್ಟರೆ ಬಟ್ಟೆಯ ಬೆಲೆ ತುಂಬಿಕೊಡಲು ಮನೆಯಲ್ಲಿ ಮೆಷಿನ್ ಬಿಟ್ಟು ಮಾರುವಂಥದ್ದು ಏನೂ ಇಲ್ಲ. ಇವರು ತಲೆಯಾಡಿಸಿದರು. ಕಣ್ಣು ಕೆಂಡದ ಹಾಗೆ ಇತ್ತು. ಗೋರಖನಾಥರು ಕಣ್ಣು ಬಂದಿದೆಯೇ ಎಂದು ಕೇಳಿದರು. ನಾನು ಹೌದೆಂದೆ.

೧೧ ಫೆಬ್ರುವರಿ

ಇವತ್ತಿನಿಂದ ನನ್ನ ಸರಕಾರ. ಮಧ್ಯಾಹ್ನದ ಮೇಲೆ ಚಹಾ ಇಲ್ಲ. ಅಂಗಡಿಯಲ್ಲಿ ತೂಕಡಿಸಿದರೆ ಮುಖಕ್ಕೆ ನೀರು. ಹೊತ್ತು ಮುಳುಗುವ ಮುಂಚೆ ಊಟ, ಅಂಗಾಲಿಗೆ ಎಣ್ಣೆ, ಹಾಲಿಗೆ ಜಾಜಿಕಾಯಿ ತೇದು ಹಾಕುವುದು. ಕಂದೀಲು ಎಂಟಕ್ಕೆ ಆರಬೇಕು. ಇವರು ಎಲ್ಲದಕ್ಕೂ ಹೂಂ ಎಂದರು. ಹೂಂ ಎನ್ನುವವರ ಹತ್ತಿರ ಜಗಳವನ್ನಾದರೂ ಹ್ಯಾಗೆ ಆಡುವುದು?

೧೨ ಫೆಬ್ರುವರಿ

ಹಾಲು ಕುಡಿದರು. ಎಣ್ಣೆ ತಿಕ್ಕಿಸಿಕೊಂಡರು. ಎಂಟಕ್ಕೆ ಮಲಗಿದರು. ನನಗೆ ಕಣ್ಣು ಹತ್ತಿದ ಕೂಡಲೇ ಎದ್ದು ಮಾಳಿಗೆ ಹತ್ತಿದ್ದಾರೆ.

ಹಾಲಿನ ದುಡ್ಡೂ ಹೋಯಿತು.

೧೪ ಫೆಬ್ರುವರಿ. ಸಂಜೆ

ಮೂರು ಅಂಗಿಗೆ ಎರಡೆರಡೂ ಎಡ ತೋಳು ಕತ್ತರಿಸಿಟ್ಟಿದ್ದಾರೆ. ತಿರುವಿ ಹಚ್ಚಿದರೆ ಬಟ್ಟೆಯ ಒಳಮೈ ಹೊರಗೆ ಬರುತ್ತದೆ. ಹುಡುಗರು ಅರ್ಧ ಖಾಕಿ, ಅರ್ಧ ಬೂದಿ ಬಣ್ಣದಲ್ಲಿ ಓಡಾಡಬೇಕು. ಅದೇ ಥರದ ಬಟ್ಟೆ ಹುಡುಕಲು ಹಲಬರ್ಗಾದವರೆಗೆ ಹೋಗಿ ಬಂದರು. ರೈಲಿನ ಖರ್ಚು ದಂಡ. ಬರುವಾಗ ರೈಲಿನಲ್ಲೇ ನಿದ್ದೆ ಹೋಗಿ ಭಾಲ್ಕಿ ದಾಟಿ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ನಡೆದು ಬಂದರು.

ಇದು ಸಾಲದು ಎಂದು ಹಾಜಿರಾಬೀಯ ಕಾಜಾಗಳೂ ಸೊಟ್ಟ. ಪಕ್ಕದ ಮನೆಯಾಕೆ. ಗೋಡೆಗೆ ಗೋಡೆ ಹತ್ತಿದೆ, ಮಾಳಿಗೆಯೂ ಒಂದೇ. ನಮ್ಮ ಅಂಗಡಿಗೆ ಗುಂಡಿಯ ಕಂಡಿಗೆ ಕಾಜಾ ಹೊಲಿದು ಗುಂಡಿ ಹಚ್ಚಿ ಕೊಡುತ್ತಾಳೆ, ಮಗಳು ಆಬೇದಾ ತಂದು ಕೊಟ್ಟು ಹೋಗುತ್ತಾಳೆ. ಆಕೆಯೂ ನಮ್ಮ ಹಾಗೆ ಹಳ್ಳಿ ಬಿಟ್ಟವಳು, ಈ ಮನೆಗೆ ಬಂದು ನಾಲ್ಕು ತಿಂಗಳಾಯಿತು. ಮಿಲಿಟರಿ ಬಂದ ವಾರ ಸೇಡಿಗೆ ಬಿದ್ದ ಜನ ಮಗ ಯುನುಸನನ್ನು ಮನೆಯಿಂದ ಎಳೆದುಕೊಂಡು ಹೋದರು. ಹದಿನೆಂಟರ ಹುಡುಗ, ಬಳೆ ಮಾರುತ್ತಿದ್ದನಂತೆ. ಮರಳಿ ಬರಲಿಲ್ಲ. ಆಕೆಗೆ ಕಠಿಣ ಮಾತು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಗುಂಡಿ ಒಂದು ಕಡೆ, ಕಾಜಾ ಒಂದು ಕಡೆ ಇದ್ದರೆ ಅಂಗಿ ತೊಡುವುದು ಹ್ಯಾಗೆ?

೧೬ ಫೆಬ್ರುವರಿ, ಶಿವರಾತ್ರಿಯ ಮರುದಿನ

ನಗಬೇಕೋ ಅಳಬೇಕೋ. ನಿನ್ನೆ ರಾತ್ರಿ ಊರಿಗೆ ಊರೇ ಎಚ್ಚರ. ಮಠದ ಅಂಗಳದಲ್ಲಿ ಭಜನೆ, ತಾಳ, ಜನ. ಆ ಗದ್ದಲದ ನಡುವೆ ಕಂಬಕ್ಕೆ ಒರಗಿ ಇವರೊಬ್ಬರೇ ಮಲಗಿದರು. ಬೆಳಗಿನವರೆಗೂ ಮಿಸುಕಲಿಲ್ಲ. ಜಾಗರಣೆಗೆ ಬಂದವರೆಲ್ಲ ನೋಡಿ ನಕ್ಕರು. ನನ್ನ ಮಾನ ಹೋಯಿತು.

ಮನೆಗೆ ಬಂದು ಮಧ್ಯಾಹ್ನದೊಳಗೆ ಒಂಬತ್ತು ಅಂಗಿ ಕತ್ತರಿಸಿದರು. ಒಂದೂ ತಪ್ಪಿಲ್ಲ.

ಹಾಗಾದರೆ ನಿದ್ದೆ ಇದೆ. ಬೇರೆ ಯಾರಾದರೂ ಎಚ್ಚರ ಇದ್ದರೆ ಮಾತ್ರ ಬರುತ್ತದೆ. ಸರಿ, ನಾನೇ ಕೂರುತ್ತೇನೆ.

೨೨ ಫೆಬ್ರುವರಿ

ಆರು ರಾತ್ರಿ ನಾನು ಹೊಸಿಲಲ್ಲಿ ಕೂತೆ. ಇವರು ಒಳಗೆ ಮಲಗಿದರು. ಅಂಗಿಗಳು ಮುಗಿಯುತ್ತಾ ಬಂದವು. ಎರಡೂ ಎಡ ತೋಳಿನ ಮೂರು ಹಾಗೇ ಇವೆ.

ನಾನು ನಿನ್ನೆ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದೆ. ಮೊನ್ನೆ ರೊಟ್ಟಿ ತಟ್ಟುತ್ತಾ ತೂಕಡಿಸಿ ಕಾದ ಹಂಚು ಮುಟ್ಟಿದೆ. ಅಂಚು ಹೊಲಿಯಲು ಕೊಟ್ಟ ನಾಲ್ಕು ಚೊಣ್ಣದ ಕಾಲುಗಳನ್ನು ಒಂದಕ್ಕೊಂದು ಕೂಡಿಸಿ ಹೊಲಿದಿದ್ದೇನೆ, ಬಿಚ್ಚಲು ಅರ್ಧ ದಿನ ಹಿಡಿಯಿತು. ಇಬ್ಬರ ಮನೆಗೆ ಒಬ್ಬರ ನಿದ್ದೆ, ಸಾಲುವುದಿಲ್ಲ. ನನ್ನಿಂದಾಗದು ಎಂದು ಹೇಳಿಬಿಟ್ಟೆ. ಇವರು ಬೇಜಾರು ಮಾಡಿಕೊಳ್ಳಲಿಲ್ಲ. ಕೋಲು ತೆಗೆದುಕೊಂಡು ಮಾಳಿಗೆ ಹತ್ತಿದರು. ಅದಕ್ಕೇ ನನಗೆ ಹೆಚ್ಚು ಸಿಟ್ಟು.

ಈ ವಾರ ಒಂದು ವಿಚಿತ್ರ. ಹಾಜಿರಾಬೀಯ ಕಾಜಾಗಳು ಸಾಲು ಹಿಡಿದ ಹಾಗೆ ನೆಟ್ಟಗೆ ಬಂದಿವೆ.

೨೬ ಫೆಬ್ರುವರಿ. ಮಧ್ಯಾಹ್ನ

ಮತ್ತೆ ಸೊಟ್ಟ. ಐದು ಅಂಗಿಯ ಕಾಜಾ ಬಿಚ್ಚಬೇಕು. ಇವರು ಆಬೇದಾಳ ಮುಂದೆ ರೇಗಿದರು. ಹುಡುಗಿ ಅಳುತ್ತಾ ಹೋದಳು. ಸೊಟ್ಟ ಎಂದು ಯಾರು ಯಾರಿಗೆ ಹೇಳುವುದು! ನಾನೇ ಅಂಗಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಪಕ್ಕದ ಮನೆಗೆ ಹೋದೆ.

ಹಾಜಿರಾಬೀ ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ನಾಲ್ಕು ಸಲ ತಪ್ಪಿತು. ಕಣ್ಣು ನೋಡಿದೆ. ಇವರದೇ ಕಣ್ಣು. ರಾತ್ರಿ ಮಲಗುವುದಿಲ್ಲವೇ ಎಂದು ಕೇಳಿದೆ. ಆಕೆ ಬಾಗಿಲು ಮುಂದೆ ಮಾಡಿ ಬಂದು ಹೇಳಿದಳು.

"ರಾತ್ರಿ ಯಾರೋ ಮಾಳಗಿ ಮ್ಯಾಲ ಬರ್ತಾರ್ರಿ ಬಾಯಿ. ಕೋಲು ಕುಟ್ಕೋತ ತಿರಗತಾರ. ನಮ್ಮ ಮನಿ ಗುರ್ತು ಹಿಡದಾರ ಅನಸ್ತದ. ನಾ ಆಬೇದಾಗ ಮಗ್ಗಲದಾಗ ಕೂಡಿಸ್ಕೊಂಡು ಬಾಗಲಾ ನೋಡ್ಕೋತ ಕೂಡ್ತೇನಿ."

ನಡುವೆ ಒಂದು ವಾರ ಆ ಸಪ್ಪಳ ಇರಲಿಲ್ಲವಂತೆ. ಹೋದರು ಎಂದುಕೊಂಡು ತಾಯಿ ಮಗಳು ನಿದ್ದೆ ಮಾಡಿದರಂತೆ. ಬುಧವಾರದಿಂದ ಮತ್ತೆ ಶುರುವಾಗಿದೆ.

ಬುಧವಾರ ಇಪ್ಪತ್ತೆರಡು. ಅಂಗಿಗಳನ್ನು ಅಲ್ಲೇ ಬಿಟ್ಟು ಎದ್ದು ಬಂದೆ.

೨೭ ಫೆಬ್ರುವರಿ

ನಿನ್ನೆಯೇ ಇವರಿಗೆ ಹೇಳಿದೆ. ಒಂದೇ ಸಲಕ್ಕೆ, ಉಸಿರು ತೆಗೆದುಕೊಳ್ಳದೆ. ನಿಮ್ಮ ಕೋಲಿನ ಸಪ್ಪಳಕ್ಕೆ ಒಬ್ಬ ಹೆಂಗಸು ನಾಲ್ಕು ತಿಂಗಳಿಂದ ಮಗಳನ್ನು ತಬ್ಬಿಕೊಂಡು ಕೂತಿದ್ದಾಳೆ ಎಂದೆ. ಇವರ ಮುಖ ನೋಡಲಾಗಲಿಲ್ಲ. ರಾತ್ರಿ ಮಾಳಿಗೆ ಹತ್ತಲಿಲ್ಲ, ಮಲಗಲೂ ಇಲ್ಲ.

ಇವತ್ತು ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಇಬ್ಬರೂ ಆಕೆಯ ಬಾಗಿಲಿಗೆ ಹೋದೆವು. ಇವರು ಹೊರಗೇ ನಿಂತರು.

"ಆ ಕೋಲು ನಂದೇರಿ," ಎಂದರು. "ನಿಮಗ ಅಂಜಸ್ಲಿಕ್ಕಲ್ಲ."

ಯಾಕೆ ಎಂದೂ ಇವರೇ ಹೇಳಿದರು, ನೆಲ ನೋಡುತ್ತಾ.

"ಊರಾಗ ಅವತ್ತಿನ ರಾತ್ರಿ ಕಾವಲು ನಂದಿತ್ತು. ನಾ ಮಲಕ್ಕೊಂಡೆ. ಎಚ್ಚರಾದಾಗ ಮಂದಿ ಒಳಗ ಬಂದಿದ್ರು. ಅಣ್ಣ ಹೋದ."

ನನಗೆ ಇದು ಗೊತ್ತಿರಲಿಲ್ಲ. ಇಷ್ಟುದ್ದ ಒಂದೂವರೆ ವರ್ಷ. ಪಕ್ಕದಲ್ಲೇ ಮಲಗುವ ನನಗೆ ಹೇಳಲಿಲ್ಲ. ಹೇಳಿದ್ದು ಯಾರಿಗೆ, ಪಕ್ಕದ ಮನೆಯಾಕೆಗೆ. ಅಲ್ಲೇ ನಿಂತು ಸಿಟ್ಟು ಬಂತು, ಕಣ್ಣಲ್ಲಿ ನೀರೂ ಬಂತು, ಎರಡೂ ಒಟ್ಟಿಗೆ.

ಹಾಜಿರಾಬೀ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಯುನುಸಗ ಒಯ್ದ ರಾತ್ರಿ ನಾ ಎಚ್ಚರೇ ಇದ್ದೆರಿ ಮಾಸ್ತರ. ಕಣ್ಣು ತೆರಕೊಂಡೇ ಕುಂತಿದ್ದೆ. ಎಚ್ಚರಿದ್ದು ಏನು ಮಾಡ್ದೆ?"

ಇವರು ಹೊಸಿಲ ಹೊರಗೆ ಕೂತುಬಿಟ್ಟರು. ಒಳಗಿನಿಂದ ಆಬೇದಾ ಒಂದು ತಂಬಿಗೆ ನೀರು ತಂದು ಮುಂದಿಟ್ಟಳು. ನಿನ್ನೆ ಬೈಸಿಕೊಂಡ ಹುಡುಗಿ.

ಅಂಗಡಿ ತೆರೆದಾಗ ಹತ್ತು ಗಂಟೆ.

೨ ಮಾರ್ಚ್

ಕೋಲನ್ನು ಹಿತ್ತಲ ಬಳ್ಳಿಗೆ ಆಸರೆಯಾಗಿ ಹುಗಿದಿದ್ದಾರೆ. ಆದರೂ ನಿದ್ದೆ ಬಾ ಎಂದ ಕೂಡಲೇ ಬರುತ್ತದೆಯೇ. ಹೊರಳುತ್ತಾರೆ, ಏಳುತ್ತಾರೆ, ನೀರು ಕುಡಿಯುತ್ತಾರೆ, ಮತ್ತೆ ಬೀಳುತ್ತಾರೆ. ಮಲಗಿಕೊಂಡೇ ಅಣ್ಣನ ಮಾತು ಹೇಳುತ್ತಾರೆ, ತುಂಡು ತುಂಡು. ನನಗೂ ಹೇಳಿದರು, ಕೊನೆಗೂ. ನನಗೆ ಯಾಕೆ ಮೊದಲು ಹೇಳಲಿಲ್ಲ ಎಂದು ಕೇಳಿದೆ. ನೀನು ಬಯ್ಯುತ್ತಿ ಎಂದು ಅಲ್ಲ, ಬಯ್ಯುವುದಿಲ್ಲ ಎಂದು, ಎಂದರು.

ನನ್ನ ಕಾನೂನುಗಳು ಜಾರಿಯಲ್ಲಿವೆ. ಮಧ್ಯಾಹ್ನದ ಮೇಲೆ ಚಹಾ ಇಲ್ಲ. ಎಂಟಕ್ಕೆ ಕಂದೀಲು ಆರುತ್ತದೆ.

೯ ಮಾರ್ಚ್

ಐದು ತಾಸು ನಿದ್ದೆ, ಒಂದೇ ಸಮನೆ. ಬೆಳಿಗ್ಗೆ ಎದ್ದು ಕತ್ತರಿ ಹಿಡಿಯಲಿಲ್ಲ. ಉಳಿದ ಖಾಕಿಯನ್ನು ನೆಲದ ಮೇಲೆ ಹಾಸಿ ಸುಮ್ಮನೆ ನೋಡುತ್ತಾ ನಿಂತರು. ಮತ್ತೆ ನಿಂತೇ ನಿದ್ದೆ ಹೋದರೇನೋ ಎಂದು ನೀರಿನ ಚಂಬು ಎತ್ತಿದ್ದೆ. ಅಲ್ಲ. ಸೀಮೆಸುಣ್ಣದಿಂದ ಗೆರೆ ಹಾಕಿದರು. ಸಣ್ಣ ಹುಡುಗರ ಚೊಣ್ಣಗಳನ್ನು ಒಂದು ನೆಟ್ಟಗೆ, ಒಂದು ತಲೆಕೆಳಗೆ ಎದುರುಬದುರು ಇಟ್ಟು ಕತ್ತರಿಸಿದರೆ ಅಂಚಿನಲ್ಲಿ ಬಟ್ಟೆ ಉಳಿಯುತ್ತದೆ. ಮೂರು ಬಲ ತೋಳಿಗೆ ಬೇಕಾದಷ್ಟು. ಸರಿಯಾಗಿ ಅಷ್ಟೇ.

ಇದು ತಿಂಗಳ ಹಿಂದೆ ಹೊಳೆಯಲಿಲ್ಲವೇ ಎಂದು ಕೇಳಿದೆ. ತಿಂಗಳ ಹಿಂದೆ ಬಟ್ಟೆಯೇ ಎರಡೆರಡಾಗಿ ಕಾಣುತ್ತಿತ್ತು ಎಂದರು. ಆಗ ಹೇಳಬಾರದಿತ್ತೇ, ಮಹಾರಾಯರು.

೧೬ ಮಾರ್ಚ್

ಇವರು ಗಂಟು ಹೊತ್ತು ಬೀದರಿಗೆ ಹೋಗಿ ಬಂದರು. ಗೋರಖನಾಥರು ಒಂದೊಂದೇ ಅಂಗಿ ಬಿಚ್ಚಿ, ತೋಳು ಎಳೆದು, ಗುಂಡಿ ಹಾಕಿ ತೆಗೆದು ನೋಡಿದರಂತೆ. ಕಾಜಾ ಯಾರದು ಎಂದು ಕೇಳಿದರಂತೆ. ಮಳೆಗಾಲದ ಮುಂಚೆ ಮತ್ತೆ ನಲವತ್ತು ಜೊತೆ ಹೊಲಿಯಲು ಹೇಳಿದ್ದಾರೆ. ಹಾಜಿರಾಬೀಯ ಪಾಲು ಇವರೇ ಹೋಗಿ ಕೊಟ್ಟು ಬಂದರು. ಮಾತಾಡಿದ್ದು ನಾಲ್ಕೇ ಮಾತಂತೆ. ರಾತ್ರಿ ನಡುವೆ ಈಗಲೂ ಎಚ್ಚರಾಗುತ್ತದೆ, ಸಪ್ಪಳಕ್ಕಲ್ಲ, ಮಗನಿಗೆ, ಎಂದಳಂತೆ. ಅದಕ್ಕೆ ಯಾರ ಹತ್ತಿರ ಔಷಧ ಇದೆ.

ಹೋದ ತಿಂಗಳು ವಾರಕ್ಕೆ ಮುಗಿಯುತ್ತಿದ್ದ ಸೀಮೆಎಣ್ಣೆ ಈ ತಿಂಗಳು ಅರ್ಧ ಬಾಟಲಿ ಇನ್ನೂ ಇದೆ. ಅಲುಗಾಡಿಸಿ ನೋಡಿದೆ. ಯುಗಾದಿಗೆ ಕಾಳಸಂತೆಗೆ ಹೋಗದೆ ಕಂಟ್ರೋಲಿನ ಸಕ್ಕರೆಯಲ್ಲೇ ಹೋಳಿಗೆ ಆಗುತ್ತದೆ.

೨೨ ಮಾರ್ಚ್. ಬೆಳಿಗ್ಗೆ ಎಂಟೂವರೆ

ಇದು ಹೊಸ ತಲೆನೋವು. ಎದ್ದಿಲ್ಲ. ಎರಡು ಸಲ ಕರೆದೆ, ಹೂಂ ಎಂದು ಮಗ್ಗುಲು ಬದಲಿಸಿದರು. ಅಂಗಡಿಯ ಮುಂದೆ ಇಬ್ಬರು ಗಿರಾಕಿಗಳು. ಒಬ್ಬರು ಹಳಬರು, ಎದುರಿನ ಅಂಗಡಿಗೆ ಹೋಗುತ್ತಿದ್ದವರು, ಮದುವೆಯ ಕೋಟಿನ ಬಟ್ಟೆ ತಂದಿದ್ದಾರೆ. ಬೇಸಿಗೆ, ಮದುವೆಯ ದಿನಗಳು, ಈ ಹೊತ್ತಿನಲ್ಲಿ ಬಾಗಿಲು ಮುಚ್ಚಿಕೊಂಡರೆ ಹ್ಯಾಗೆ? ಒಂದು ಅತಿ, ಇಲ್ಲವೇ ಇನ್ನೊಂದು ಅತಿ. ಈ ಮನುಷ್ಯನ ಜೊತೆ ನನ್ನ ಬಾಳು ಹೀಗೇ.

ಬಾಗಿಲ ಹತ್ತಿರ ನಿಂತು ನೋಡಿದೆ. ಒಂದು ಕೈ ಗೋಡೆಗೆ, ಒಂದು ಎದೆಯ ಮೇಲೆ. ಬಾಯಿ ತೆರೆದಿದೆ. ಹಣೆಯ ಗೆರೆಗಳು ಇಲ್ಲ. ಮದುವೆಯಾದ ಹೊಸತರಲ್ಲಿ ಹೀಗೇ ಮಲಗುತ್ತಿದ್ದರು.

ಎಬ್ಬಿಸಲಿಲ್ಲ. ಹೊರಗೆ ಬಂದು, ಮಾಸ್ತರು ಊರಲ್ಲಿಲ್ಲ, ನಸುಕಿನಲ್ಲೇ ಔರಾದಿಗೆ ಹೋದರು, ಒಂದು ತಾಸು ಬಿಟ್ಟು ಬನ್ನಿ ಎಂದೆ. ಒಂದು ತಾಸಿನಲ್ಲಿ ಔರಾದಿನಿಂದ ಹ್ಯಾಗೆ ಬರುತ್ತಾರೆ ಎಂದು ಹಳಬರು ಕೇಳಿದರು. ಉತ್ತರ ಹೊಳೆಯುವಷ್ಟರಲ್ಲಿ ಒಳಗಿನಿಂದ ಗೊರಕೆ, ಅದೂ ಎಂಥ ಗೊರಕೆ, ಗೋಡೆ ದಾಟಿ ಆಬೇದಾ ನಗುವುದು ಕೇಳಿಸಿತು, ಇಬ್ಬರು ಗಿರಾಕಿಗಳೂ ಕಟ್ಟೆಯ ಮೇಲೆ ಕೂತು, ಮಾಸ್ತರು ಔರಾದಿನಿಂದ ಬರುವವರೆಗೆ ಇಲ್ಲೇ ಕಾಯುತ್ತೇವೆ ಎಂದರು.